ದಾರಿಯ ಚಾಕು ಆರಿಸಿಕೊಡುವ ಮುನಿಕೃಷ್ಣಮ್ಮ

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಯಲಹಂಕದ ಸಂತೆ ಮೈದಾನದ ಹಿಂದಿರುವ ಕುಲುಮೆ ಹೊತ್ತಿಕೊಂಡಿದೆ.

1960ರ ಡಿಸೆಂಬರ್ ಇಪ್ಪತ್ತೊಂದು, ಬುಧವಾರ. ಮೈದಾನದ ಹುಣಸೆ ಮರಗಳು ಅರ್ಧದಿಂದ ಮೇಲೆ ಮಂಜಿನಲ್ಲಿ ಕಾಣುತ್ತಿಲ್ಲ. ಕುಲುಮೆಯ ಒಳಗೆ ಪಡುವಲ ಗೋಡೆಗೆ ಬೆನ್ನು ಕೊಟ್ಟು ಕುಳಿತ ಮುನಿಕೃಷ್ಣಮ್ಮ ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದಾರೆ. ಹತ್ತು ನಿಮಿಷಕ್ಕೆ ನೂರ ತೊಂಬತ್ತು ಸಲ. ಗಡಿಯಾರ ಹಿಡಿದು ಎಣಿಸಿದ ಸಂಖ್ಯೆ ಇದು. ಎದುರಿಗೆ ಅವರ ಗಂಡ ಪಿಳ್ಳಪ್ಪಾಚಾರಿ ಇಕ್ಕಳದಲ್ಲಿ ಗರಗಸದ ತುಂಡೊಂದನ್ನು ಹಿಡಿದು ಕಾಯುತ್ತಿದ್ದಾರೆ.

ಬಾಗಿಲ ಹೊರಗೆ ಮಫ್ಲರ್ ಸುತ್ತಿಕೊಂಡ ಒಬ್ಬರು ನಿಂತಿದ್ದಾರೆ. ಜಹೀರ್ ಎಂದು ಹೆಸರು. ಯಶವಂತಪುರ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಮೂವರು ಗೆಳೆಯರ ಜೊತೆ ನೀಲಗಿರಿಯವರೆಗೆ ನಡೆದು ಹೋಗುವವರಿದ್ದಾರೆ. ದಾರಿಗೊಂದು ಚಾಕು ಬೇಕು, ಅದೂ ದೊಡ್ಡದು ಬೇಕು.

"ಎಷ್ಟು ದಿನದ ದಾರಿ?" ಮುನಿಕೃಷ್ಣಮ್ಮ ತಿದಿ ಬಿಡದೆ ಕೇಳುತ್ತಾರೆ.

"ಹದಿನಾಲ್ಕು ದಿನ ಅಮ್ಮ."

"ದೊಡ್ಡ ಚಾಕು ಯಾಕೆ?"

"ಎಳನೀರು ಕೊಚ್ಚೋಕೆ."

"ಎಳ್ನೀರು ಮಾರೋನತ್ರ ಮಚ್ಚಿರಲ್ವಾ? ಅವನ ಮಚ್ಚು ನೀವ್ಯಾಕೆ ಒರ್ತೀರಾ?"

ಜಹೀರ್ ನಗುತ್ತಾರೆ, ಪಟ್ಟು ಬಿಡುವುದಿಲ್ಲ. "ಕಾಡಿದೆ ಅಮ್ಮ. ಪ್ರಾಣಿ ಗೀಣಿ ಬಂದ್ರೆ?"

"ಬಂದ್ರೆ ಚಾಕು ತೋರ್ಸ್ತೀರಾ? ನೀವದನ್ನ ಈಚೆಗೆ ತೆಗಿಯೋಷ್ಟೊತ್ಗೆ ಅದರ ಊಟ ಮುಗ್ದಿರ್ತದೆ."

ಪಿಳ್ಳಪ್ಪಾಚಾರಿ ತಲೆ ಎತ್ತದೆ ಮೀಸೆಯಲ್ಲೇ ನಗುತ್ತಾರೆ. ಗೂಟದಲ್ಲಿ ಮೂರು ಚಾಕು ತೂಗುತ್ತಿವೆ: ಹನ್ನೆರಡು ತೊಲದ್ದು, ಏಳು ತೊಲದ್ದು, ನಾಲ್ಕೂವರೆ ತೊಲದ್ದು. ಮುನಿಕೃಷ್ಣಮ್ಮ ಎದ್ದು ಮೊದಲನೆಯದನ್ನು ತೆಗೆದು ಕಬ್ಬಿಣ ತಟ್ಟುವ ಅಡಿಗಲ್ಲಿನ ಮೇಲೆ ಇಡುತ್ತಾರೆ. ಇಲ್ಲಿ ಚಾಕು ಕೈಯಿಂದ ಕೈಗೆ ಹೋಗುವುದಿಲ್ಲ. ಅಡಿಗಲ್ಲಿನ ಮೇಲಿಂದ ಬೇಕಾದವರೇ ಎತ್ತಿಕೊಳ್ಳಬೇಕು.

"ಸೊಂಟಕ್ಕೆ ಸಿಕ್ಕಿಸ್ಕೊಂಡು ಅಟ್ಟೂರು ಕೆರೆ ಕೋಡಿ ತನಕ ಓಗಿ ಬನ್ನಿ. ನಾಳೆ ಎರಡನೇದು. ನಾಡಿದ್ದು ಸಣ್ಣದು. ಆಮೇಲೆ ಯಾವುದು ಬೇಕು ಏಳಿ."

ಕುಲುಮೆಯಿಂದ ಅಟ್ಟೂರು ಕೆರೆ ಕೋಡಿಗೆ ಒಂದೂವರೆ ಮೈಲಿ. ಹೋಗಿ ಬಂದರೆ ಮೂರು. ಬೆಂಗಳೂರಿನ ಉತ್ತರಕ್ಕೆ ದೂರದ ದಾರಿ ನಡೆಯುವವರು ಯಾರೇ ಇರಲಿ, ಈ ಮೂರು ಮೈಲಿಯನ್ನು ಮೂರು ಬೆಳಿಗ್ಗೆ ನಡೆಯದೆ ಅವರಿಗೆ ಇಲ್ಲಿ ಚಾಕು ಸಿಗುವುದಿಲ್ಲ. ತಿರುಪತಿಗೆ ನಡೆಯುವವರು, ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಯುವವರು, ರಜೆಯಲ್ಲಿ ಬೆಟ್ಟ ಹತ್ತುವ ಕಾಲೇಜು ಹುಡುಗರು ಎಲ್ಲರಿಗೂ ಇದೇ ಕಟ್ಟಳೆ. ಊರಿನ ಬಾಯಲ್ಲಿ ಇದು 'ಪಿಳ್ಳಪ್ಪಾಚಾರಿ ಚಾಕು'. ತಟ್ಟುವವರು ಅವರೇ ಎಂಬುದು ನಿಜ. ಆದರೆ ಯಾರಿಗೆ ಯಾವುದು, ಎಷ್ಟು ತೂಕ, ಹಿಡಿಗೆ ಯಾವ ಮರ ಎಂಬುದನ್ನೆಲ್ಲ ಗೊತ್ತು ಮಾಡುವವರು ತಿದಿಯ ಹಿಂದೆ ಕೂತ ನಲವತ್ತಾರು ವರ್ಷದ ಈ ಹೆಂಗಸು. ಅವರ ಹೆಸರು ಚಾಕು ಕೊಂಡವರಲ್ಲೇ ಅರ್ಧ ಮಂದಿಗೆ ಗೊತ್ತಿಲ್ಲ.

ತಿರುಗಿ ಬಂದವರ ಬಾಯಿಮಾತನ್ನು ಅವರು ನಂಬುವುದಿಲ್ಲ. "ಎಲ್ರೂ ಅಗುರಾಗೈತೆ ಅಂತ್ಲೇ ಏಳ್ತಾರೆ. ಆದ್ರೆ ಬರ್ತಾ ಇರೋವಾಗ ಕೈ ಸೊಂಟಕ್ಕೆ ಓಗಿ ಓಗಿ ಸರಿ ಮಾಡ್ತಾ ಇರ್ತದೆ. ನಾನು ಆ ಕೈ ನೋಡ್ತೀನಿ ಅಷ್ಟೆ. ಮೂರು ಮೈಲಿಗೇ ಕೈ ಓದ್ರೆ ಮುನ್ನೂರು ಮೈಲಿಗೆ ಏನ್ ಗತಿ?"

ಜಹೀರ್ ಆರೂ ಕಾಲಿಗೆ ಹಿಂತಿರುಗಿದಾಗ ಅವರ ಕೈ ಸೊಂಟದ ಮೇಲೇ ಇದೆ.

ಮುನಿಕೃಷ್ಣಮ್ಮನವರ ತವರು ದೊಡ್ಡಬಳ್ಳಾಪುರ. ತಂದೆ ಅಕ್ಕಸಾಲಿಗರು. ತೂಕದ ಕಣ್ಣು ಅಲ್ಲಿಂದಲೇ ಬಂದದ್ದು. ಅವರ ಸಣ್ಣ ತಕ್ಕಡಿಯೂ ಮಗಳ ಜೊತೆ ಯಲಹಂಕಕ್ಕೆ ಬಂತು. ಹದಿನೈದನೇ ವಯಸ್ಸಿಗೆ ಮದುವೆಯಾಗಿ, ಸಾಮಾನು ತುಂಬಿದ್ದ ಗಾಡಿಯ ಹಿಂದೆ ನಡೆದುಕೊಂಡು ಬಂದರು. ಹದಿನಾಲ್ಕು ಮೈಲಿ. "ನಾನು ನಡೆದಿರೋ ದೊಡ್ಡ ದಾರಿ ಅಂದ್ರೆ ಅದೊಂದೇ" ಎನ್ನುತ್ತಾರೆ. ಒಬ್ಬಳೇ ಮಗಳನ್ನು ಬ್ಯಾಟರಾಯನಪುರಕ್ಕೆ ಕೊಟ್ಟಿದ್ದಾರೆ. ಅಲ್ಲಿಗೆ ಹೋದರೂ ಕತ್ತಲಾಗುವುದರೊಳಗೆ ಹಿಂತಿರುಗಬೇಕು. ಮೂವತ್ತೆಂಟು ಮನೆಗಳ ನೇಗಿಲ ಕುಳ, ಕುಡುಗೋಲು, ಗುದ್ದಲಿ ಈ ಕುಲುಮೆಯ ಪಾಲಿಗಿವೆ. ಸುಗ್ಗಿಯಲ್ಲಿ ಆ ಮನೆಗಳು ಕೊಡುವ ರಾಗಿಯೇ ವರ್ಷದ ಊಟ. ಅಮಾವಾಸ್ಯೆಯ ದಿನ ಮಾತ್ರ ಬೆಂಕಿ ಇಲ್ಲ. ತಿಂಗಳಿಗೊಂದು ದಿನದ ಆ ಬಿಡುವಿನಲ್ಲಿ ಎಷ್ಟು ದೂರ ಹೋದರೂ ಅರ್ಧ ದಿನದ ದಾರಿಗಿಂತ ಆಚೆ ಹೋಗಲಾಗದು.

ದಾರಿಯ ಚಾಕಿನ ಕೆಲಸ ಶುರುವಾದದ್ದು 1957ರಲ್ಲಿ, ಒಂದು ತಪ್ಪಿನಿಂದ. ಆಗ ಕೊಡಿಗೇಹಳ್ಳಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗೋಪಾಲಮ್ಮ ಬೇಸಿಗೆ ರಜೆಯಲ್ಲಿ ಭೂದಾನದ ಪಾದಯಾತ್ರೆಗೆ ಹೊರಟರು. ಹಣ್ಣು ತರಕಾರಿ ಹೆಚ್ಚಲು, ಕಾಲಿನ ಮುಳ್ಳು ತೆಗೆಯಲು ಒಂದು ಚಾಕು ಬೇಕೆಂದು ಇಲ್ಲಿಗೆ ಬಂದರು. ಮುನಿಕೃಷ್ಣಮ್ಮ ಗಂಡನಿಗೆ ಹೇಳಿ ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಹನ್ನೊಂದು ತೊಲದ ಚಾಕು ಮಾಡಿಸಿ, ಜಾಲಿ ಮರದ ಹಿಡಿ ಹಾಕಿಸಿದರು.

"ಮೇಷ್ಟ್ರಮ್ಮನಿಗೆ ಅಂತ ಒಳ್ಳೆ ದಪ್ಪಕ್ಕೆ ಮಾಡ್ಸ್ದೆ. ಮರ್ವಾದೆ ಅಂದ್ಕೊಂಡೆ."

ಹನ್ನೊಂದು ದಿನ ನಡೆದು ಬಂದ ಗೋಪಾಲಮ್ಮ ನೇರ ಕುಲುಮೆಗೆ ಬಂದರು. ಚಾಕು ಇರಲಿಲ್ಲ. "ಕೋಪ ಮಾಡ್ಕೋಬೇಡಿ. ಅದನ್ನ ತುಮಕೂರಿನ ಛತ್ರದಲ್ಲಿ ಬಿಟ್ಟು ಬಂದೆ. ನಾಲ್ಕನೇ ದಿನಕ್ಕೆ ನನ್ನ ಸೊಂಟ ತಿಂದಿತ್ತು" ಎಂದರು.

ಮಾರನೆಯ ದಿನದಿಂದ ಮುನಿಕೃಷ್ಣಮ್ಮ ತಾವೇ ಒಂದೊಂದು ತೂಕದ ಕಬ್ಬಿಣ ಸೊಂಟಕ್ಕೆ ಕಟ್ಟಿಕೊಂಡು, ನೀರು ಸೌದೆಗೆ ಓಡಾಡಿ ನೋಡಿದರು. ಲಾರಿ ಪಟ್ಟೆ ಬಿಟ್ಟರು. ಯಶವಂತಪುರದ ಮರದ ಮಿಲ್ಲುಗಳಲ್ಲಿ ಸವೆದು ಬಿಸುಟ ಗರಗಸದ ತೆಳು ಉಕ್ಕು ತರಿಸಿದರು. ಅದನ್ನು ನೀರಿನಲ್ಲಿ ಅದ್ದಿದರೆ ಸೀಳುತ್ತದೆಂದು ಎರಡು ಚಾಕು ಹಾಳಾದ ಮೇಲೆ ತಿಳಿದು, ಹೊಂಗೆ ಎಣ್ಣೆ ಹಿಡಿದರು. ಹಿಡಿಗೆ ಸೀಬೆ ಮರ, ಅರಗಿನ ಬೆಸುಗೆ. ಚರ್ಮದ ಒರೆ ನೆನೆದರೆ ಭಾರವಾಗುತ್ತದೆ. ಅದಕ್ಕೇ ಸೀಳಿದ ಬಿದಿರು. ಅಲಗು ನಾಲ್ಕು ಬೆರಳಿನಷ್ಟು. "ಈರುಳ್ಳಿಗಿಂತ ದೊಡ್ಡದು ದಾರೀಲಿ ಏನ್ ಎಚ್ತಾರೆ?" ಮಡಿಸುವ ಚಾಕು ಅವರಿಗೆ ಆಗದು. ಕೀಲಿಗೆ ಧೂಳು ಸೇರಿದರೆ ಬೇಕಾದ ಹೊತ್ತಿಗೆ ಬಿಚ್ಚಿಕೊಳ್ಳುವುದಿಲ್ಲ.

ಓದು ಬರದ ಮುನಿಕೃಷ್ಣಮ್ಮ ಗೋಡೆಗಳ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದಾರೆ. ಮೂಡಲಿಗೆ ಹೋದ ಚಾಕಿಗೆ ಮೂಡಲ ಗೋಡೆಯಲ್ಲಿ ಒಂದು ಗೆರೆ, ಬಡಗಲಿಗೆ ಹೋದದ್ದಕ್ಕೆ ಬಡಗಲ ಗೋಡೆಯಲ್ಲಿ. ತೆಂಕಲು ಬಾಗಿಲಾದ್ದರಿಂದ ಆ ಕಡೆಯ ಗೆರೆಗಳು ಬಾಗಿಲ ಚೌಕಟ್ಟಿನ ಮೇಲಿವೆ. ಒಟ್ಟು ನೂರ ನಲವತ್ತಮೂರು. ಮೂಡಲಿಗೆ, ಅಂದರೆ ಹೆಚ್ಚಾಗಿ ತಿರುಪತಿಗೆ, ಎಂಬತ್ತೆಂಟು. ತೆಂಕಲಿಗೆ ಮೂವತ್ತೊಂದು, ಬಡಗಲಿಗೆ ಹತ್ತೊಂಬತ್ತು. ಪಡುವಲ ಗೋಡೆಯಲ್ಲಿ ಐದೇ ಐದು. ಚಾಕು ಒಯ್ದವರು ಬಂದು ದಾರಿಯ ಸುದ್ದಿ ಹೇಳಿದರೆ ಗೆರೆಯ ತಲೆಗೊಂದು ಚುಕ್ಕಿ ಬೀಳುತ್ತದೆ. ಅಂಥ ಚುಕ್ಕಿಗಳು ಅರವತ್ತೊಂದು.

ಸುದ್ದಿ ಕೇಳುವಾಗ ಅವರ ಪ್ರಶ್ನೆಗಳು ಬೇರೆ. ದೇವರ ದರ್ಶನ ಆಯಿತೇ ಎಂದು ಕೇಳುವುದಿಲ್ಲ. ದಾರಿಯ ಮಣ್ಣು ಯಾವ ಬಣ್ಣ? ಎಲ್ಲಿಂದ ಮರ ಬದಲಾಯಿತು? ಬೆಳಿಗ್ಗೆ ಎದ್ದಾಗ ಎದುರಿಗೆ ಏನಿತ್ತು? ತಿರುಪತಿಗೆ ಹೋಗಿ ಬಂದ ಒಬ್ಬರು ಎದುರಿಗೆ ಏನಿತ್ತೆಂದು ನೆನಪಿಲ್ಲ ಎಂದಾಗ, ಒಂದು ಚುಕ್ಕಿ ಇಟ್ಟು ತಿದಿಗೆ ಮರಳಿದರಂತೆ.

ಪಡುವಲ ಗೋಡೆಯ ಐದು ಗೆರೆಗಳಲ್ಲಿ ಒಂದು ಅಶ್ವತ್ಥಪ್ಪ ಎಂಬುವರದು. ಹೆಬ್ಬಾಳದ ಕೃಷಿ ಕಾಲೇಜಿಗೆ ಗಿಡಗಳನ್ನು ಹುಡುಕಿ ತಂದುಕೊಡುವ ಕೆಲಸ ಅವರದು. 1959ರ ಫೆಬ್ರವರಿಯಲ್ಲಿ ಕಡಲ ದಂಡೆಯ ಗಿಡಗಳಿಗೆಂದು ಹೋಗಿ ಬಂದು, ಚಾಕನ್ನು ಅಡಿಗಲ್ಲಿನ ಮೇಲಿಟ್ಟರು. ಅಲಗಿನ ತುಂಬ ಕೆಂಪು ಗುಳಿಗಳು. ಎಷ್ಟು ವರ್ಷ ಮಳೆಯಲ್ಲಿ ಬಿದ್ದ ಕುಡುಗೋಲಿಗೂ ಅಂಥ ತುಕ್ಕು ಹಿಡಿದದ್ದನ್ನು ಮುನಿಕೃಷ್ಣಮ್ಮ ಕಂಡಿರಲಿಲ್ಲ.

"ಏನ್ರೀ ಮಾಡುದ್ರಿ ಇದಕ್ಕೆ? ವರ್ಸ ನೀರಲ್ಲಿ ಮುಳುಗ್ಸಿದ್ರಾ?"

"ಇಲ್ಲ ಕಣಮ್ಮ. ಸಮುದ್ರದ ನೀರಲ್ಲಿ ತೊಳೆದು ಒರೆಗೆ ಹಾಕಿದ್ದೆ. ಒಂದೇ ರಾತ್ರಿ."

ಅವರು ಹೋದ ಮೇಲೆ ಮುನಿಕೃಷ್ಣಮ್ಮ ಅಲಗಿಗೆ ನಾಲಿಗೆ ತಾಗಿಸಿ ನೋಡಿದರು. ಉಪ್ಪು. ಅಂದು ಹತ್ತಿದ ಆಸೆ ಇಂದಿಗೂ ಬಿಟ್ಟಿಲ್ಲ. "ಅಟ್ಟೂರು ಕೆರೆ ನೀರು ಗೊತ್ತು, ಯಲಹಂಕದ ಕೆರೆ ಗೊತ್ತು. ಎರಡೂ ಸಾಧು. ಕಬ್ಬಿಣ ಅಂದ್ರೆ ನಮ್ಮ ಅನ್ನ. ಅದನ್ನ ಒಂದೇ ರಾತ್ರಿಗೆ ತಿನ್ನೋ ನೀರು ಅಂದ್ರೆ ಅದು ಎಂಥ ನೀರು? ಒಂದ್ಸಲ ಅದರ ಮುಂದೆ ನಿಂತ್ಕೋಬೇಕು." ಆ ಮೇಲೆ ಅವರು ತಿದಿಯನ್ನು ಮೂಡಲ ಗೋಡೆಯಿಂದ ತೆಗೆಸಿ ಕಡಲ ಕಡೆಯ ಪಡುವಲ ಗೋಡೆಗೆ ಹಾಕಿಸಿಕೊಂಡರು. ಹೊಗೆ ಆ ಕಡೆಗೆ ಹೆಚ್ಚು. ಗಂಡ ಬೇಡವೆಂದರೂ ಕೇಳಲಿಲ್ಲ.

ಜಹೀರ್ ಮೂರನೆಯ ಬೆಳಿಗ್ಗೆ ನಾಲ್ಕೂವರೆ ತೊಲದ್ದನ್ನೇ ಆರಿಸಿಕೊಂಡು ಹೋದರು. ಅದಾದ ಐದು ದಿನಕ್ಕೆ, ಡಿಸೆಂಬರ್ ಇಪ್ಪತ್ತೆಂಟರಂದು, ಗೋಪಾಲಮ್ಮ ಕೊಡಿಗೇಹಳ್ಳಿಯಿಂದ ನಡೆದು ಬರುತ್ತಾರೆ. ಈಗ ಅವರಿಗೆ ಐವತ್ತೇಳು. ಕೆಲಸದಿಂದ ನಿವೃತ್ತಿಯಾಗಿದೆ. ತಂಗಿಯ ಜೊತೆ ಯಲಹಂಕದಿಂದ ಹೊರಟು ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಮಂಗಳೂರಿನ ಕಡಲ ತನಕ ನಡೆಯುವ ಯೋಚನೆ. ಸುಮಾರು ಇನ್ನೂರ ಇಪ್ಪತ್ತು ಮೈಲಿ, ಇಪ್ಪತ್ತು ದಿನ. ಸಂಕ್ರಾಂತಿ ಕಳೆದ ಮೇಲೆ, ಜನವರಿ ಹತ್ತೊಂಬತ್ತಕ್ಕೆ ಹೊರಡುವುದು.

ಅವರು ನಾಲ್ಕೂವರೆ ತೊಲದ ಚಾಕನ್ನು ಎತ್ತಿಕೊಂಡು ಹೇಳುತ್ತಾರೆ: "ಮೂರನೆಯವರಿಗೆ ಜಾಗ ಇದೆ. ನೀವೂ ಬನ್ನಿ ಮುನಿಕೃಷ್ಣಮ್ಮ."

ತಿದಿ ನಿಲ್ಲುತ್ತದೆ. ಪಿಳ್ಳಪ್ಪಾಚಾರಿ ಸುತ್ತಿಗೆ ಎತ್ತಿದವರು ಹಾಗೆಯೇ ನೋಡುತ್ತಾರೆ. ಕೆಂಪು ಕಬ್ಬಿಣ ಕಪ್ಪಾಗುತ್ತದೆ.

"ನಂಗೆ ಚಾಕಿಲ್ಲ ಮೇಷ್ಟ್ರಮ್ಮ" ಎಂದು ಮುನಿಕೃಷ್ಣಮ್ಮ ಮತ್ತೆ ತಿದಿ ಹಿಡಿಯುತ್ತಾರೆ.

ನೂರ ನಲವತ್ತಮೂರು ಚಾಕು ಹೊರಟ ಮನೆಯಲ್ಲಿ ಒಂದು ಚಾಕು ಇಲ್ಲವೆಂದರೆ ನಗು ಬರಬಹುದು. ಆದರೆ ಇಳಿಗೆಮಣೆ, ಕುಡುಗೋಲು ಎಷ್ಟು ಬೇಕಾದರೂ ತಟ್ಟುವ ಈ ಕುಲುಮೆಯಲ್ಲಿ, ಪಯಣಕ್ಕೆಂದು ಚಾಕನ್ನು ಮನೆಯವರಿಗೆ ತಟ್ಟುವುದಿಲ್ಲ. ಪಿಳ್ಳಪ್ಪಾಚಾರಿಯ ದೊಡ್ಡಪ್ಪ 1911ರಲ್ಲಿ ಇದೇ ಅಡಿಗಲ್ಲಿನ ಮೇಲೆ ತಟ್ಟಿದ ಚಾಕು ಸಿಕ್ಕಿಸಿಕೊಂಡು ಕಾಶಿಗೆಂದು ಹೊರಟವರು ಮರಳಲಿಲ್ಲ. ಅಂದಿನಿಂದ ಈ ನಿಷೇಧ. ಮನೆಯವರಿಗೆ ದಾರಿಯ ಚಾಕು ತಟ್ಟಿಕೊಟ್ಟರೆ, ಹೊರಡು ಎಂದು ತಾನೇ ಬಾಯಿಬಿಟ್ಟು ಹೇಳಿದಂತೆ.

"ನಾನು ಬೇಡ ಅಂದಿಲ್ಲ" ಎನ್ನುತ್ತಾರೆ ಪಿಳ್ಳಪ್ಪಾಚಾರಿ, ಕೇಳಿದಾಗ. ಇಕ್ಕಳವನ್ನು ಬೆಂಕಿಗೆ ಚಾಚಿ, "ಓಗು ಅಂತಾನೂ ಅಂದಿಲ್ಲ" ಎಂದು ಸೇರಿಸುತ್ತಾರೆ. "ತಿದಿ ಯಾರು ಒತ್ತೋದು?"

ಅದಕ್ಕೆ ಮುನಿಕೃಷ್ಣಮ್ಮನವರ ಬಳಿ ಉತ್ತರವಿದೆ, ಆದರೆ ಅದನ್ನು ಗಂಡನ ಎದುರು ಹೇಳುವುದಿಲ್ಲ. ಕುಳ ತಂದ ರೈತರೇ ದೊಡ್ಡ ಸುತ್ತಿಗೆ ಹೊಡೆಯುವುದು ಇಲ್ಲಿನ ವಾಡಿಕೆ. ಅವರೇ ತಿದಿಯನ್ನೂ ಒತ್ತಬಹುದು. ಮೇಲಾಗಿ ಜನವರಿ ಹೊಲಕ್ಕೆ ಬಿಡುವಿನ ಕಾಲ. ಚಾಕನ್ನು ಮಾತ್ರ ಅವರು ಕೇಳಿ ಪಡೆಯಲಾರರು. ಚಾಕಿಲ್ಲದೆ ದಾರಿ ಹಿಡಿಯಬಾರದು ಎಂದು ನೂರ ನಲವತ್ತಮೂರು ಜನಕ್ಕೆ ಹೇಳಿದವರು ತಾವೇ ಬರಿಗೈಲಿ ಹೊರಡುವುದೂ ಆಗದ ಮಾತು.

ಗರಗಸದ ಉಕ್ಕು ತಂದುಕೊಡುವ ಯಶವಂತಪುರದ ಗುಜರಿ ಅಂಗಡಿಯ ಅನ್ವರ್ ಅವರಿಗೂ ಸುದ್ದಿ ಮುಟ್ಟಿದೆ. ಜನವರಿ ಮೊದಲ ವಾರ ಸೈಕಲ್ಲಿನಲ್ಲಿ ಬಂದವರು ಜೇಬಿನಿಂದ ಮಡಿಸುವ ಚಾಕೊಂದನ್ನು ತೆಗೆದು ಅಡಿಗಲ್ಲಿನ ಮೇಲಿಡುತ್ತಾರೆ. ದಂತದ ಹಿಡಿ, ಎರಡು ಅಲಗು, ಒಂದು ಬಿರಡೆ ತೆಗೆಯುವ ಸುರುಳಿ.

"ಅಕ್ಕ, ದಂಡಿನ ದೊರೆದು. ನಿಮ್ಮನೆ ಕುಲುಮೇದಲ್ಲ, ದೋಷ ಇಲ್ಲ. ತಗೊಂಡು ಹೊರಡಿ."

ಮುನಿಕೃಷ್ಣಮ್ಮ ತಕ್ಕಡಿಗೆ ಹಾಕುತ್ತಾರೆ. ಎಂಟೂ ಕಾಲು ತೊಲ. ಸುರುಳಿಯನ್ನು ಬಿಚ್ಚಿ ನೋಡುತ್ತಾರೆ.

"ಇದೇನ್ ಸಾಬ್ರೆ, ಅಂದಿ ಬಾಲ ಇದ್ದಂಗೈತೆ?"

"ಬಾಟ್ಲಿ ಬಿರಡೆ ತೆಗಿಯೋಕೆ ಅಕ್ಕ."

"ಇಪ್ಪತ್ ದಿನ ನಾನು ಯಾವ ಬಾಟ್ಲಿ ತೆಗೀಲಿ? ಬೇಡ. ಒಳ್ಳೆ ಮನಸ್ಸಿಂದ ತಂದ್ರಿ, ಅದು ಬಂತು ಅನ್ಕೊಳಿ."

ಅನ್ವರ್ ಹಿಂತಿರುಗುವಾಗ ಪಿಳ್ಳಪ್ಪಾಚಾರಿ ಬಾಗಿಲವರೆಗೆ ಹೋಗಿ ಏನೋ ಮೆಲ್ಲಗೆ ಕೇಳುತ್ತಾರೆ. ಹೊಸ ಗರಗಸದ ಉಕ್ಕು ಬಂದಿದೆಯೇ ಎಂದು ಕೇಳಿದ್ದು ಎಂಬುದು ಅನ್ವರ್ ಅವರಿಂದ ಆಮೇಲೆ ತಿಳಿದ ವಿಷಯ.

ಜನವರಿ ಹದಿನಾಲ್ಕು ಸಂಕ್ರಾಂತಿ. ಹದಿನಾರು, ಸೋಮವಾರ, ಅಮಾವಾಸ್ಯೆ, ಕುಲುಮೆ ತಣ್ಣಗಿದೆ. ಅಡಿಗಲ್ಲಿಗೆ ಕುಂಕುಮವಿಟ್ಟು, ಮುನಿಕೃಷ್ಣಮ್ಮ ಸಂಜೆ ಒಬ್ಬರೇ ಅಟ್ಟೂರು ಕೆರೆ ಕೋಡಿಯವರೆಗೆ ಹೋಗಿ ಬರುತ್ತಾರೆ. ಯಾಕೆ ಹೋದಿರಿ ಎಂದರೆ, "ಅಲ್ಲಿಂದಾಚೆ ದಾರಿ ಎಂಗೆ ತಿರುಗ್ತದೆ ಅಂತ ನೋಡಕ್ಕೆ. ಒಂದು ಆಲದಮರ ಅಡ್ಡ ಬತ್ತದೆ. ಅದರಾಚೆ ಕಾಣ್ಸಕಿಲ್ಲ" ಎನ್ನುತ್ತಾರೆ.

ಮಂಗಳವಾರ ಎಂದಿನಂತೆ ಐದಕ್ಕೆ ಎದ್ದು ಬಂದಾಗ ಬೆಂಕಿ ಆಗಲೇ ಹೊತ್ತಿದೆ. ಮೂವತ್ತೊಂದು ವರ್ಷದಲ್ಲಿ ಅವರಿಗಿಂತ ಮುಂಚೆ ಗಂಡ ಬೆಂಕಿ ಹಾಕಿದ್ದು ಇದೇ ಮೊದಲು. ಇಕ್ಕಳದಲ್ಲಿ ಗರಗಸದ ತುಂಡು.

"ತಿದಿ ಒತ್ತು" ಎನ್ನುತ್ತಾರೆ ಪಿಳ್ಳಪ್ಪಾಚಾರಿ.

ಅವರು ಕೂತು ಒತ್ತುತ್ತಾರೆ. ತುಂಡು ಕೆಂಪಾಗುತ್ತದೆ.

"ಎಷ್ಟು ದಿನದ ದಾರಿ?" ಗಂಡ ಬೆಂಕಿಯನ್ನೇ ನೋಡುತ್ತ ಕೇಳುತ್ತಾರೆ.

ಮುನಿಕೃಷ್ಣಮ್ಮ ತಿದಿ ಬಿಡದೆ ಹೇಳುತ್ತಾರೆ, "ಇಪ್ಪತ್ತು."

"ಏನ್ ಎಚ್ಚಾಕೆ?"

"ಈರುಳ್ಳಿ. ಬಾಳೆಹಣ್ಣಿಗೆ ಚಾಕು ಬೇಕಿಲ್ಲ."

"ತೂಕ?"

"ನಾಲ್ಕೂವರೆ."

"ನಾಲ್ಕಕ್ಕೆ ಇಳುಸ್ತೀನಿ."

"ಬೇಡ. ತೀರಾ ಇಳುಸುದ್ರೆ ಹಿಡಿ ಹತ್ರ ಮುರೀತದೆ. ಯಾರಿಗಾನ ಅಷ್ಟಕ್ಕೆ ಇಳುಸಿದೀರಾ?"

ಪಿಳ್ಳಪ್ಪಾಚಾರಿ ನಾಲ್ಕೂವರೆಗೇ ತಟ್ಟುತ್ತಾರೆ. ಹೊಂಗೆ ಎಣ್ಣೆಯಲ್ಲಿ ಅಲಗು ಅದ್ದಿ ತೆಗೆಯುತ್ತಾರೆ. ಬೂದಿಯಲ್ಲಿ ಉಜ್ಜಿ, ಕೆಂಡದ ಅಂಚಿಗೆ ಹಿಡಿದು, ಅದು ಗೋಧಿಯ ಬಣ್ಣಕ್ಕೆ ತಿರುಗುವವರೆಗೆ ಕಾಯುತ್ತಾರೆ. ಮಧ್ಯಾಹ್ನಕ್ಕೆ ಹಿಡಿ ಕೂರುತ್ತದೆ. ಚಾಕನ್ನು ಅಡಿಗಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮುನಿಕೃಷ್ಣಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಎತ್ತಿಕೊಳ್ಳುತ್ತಾರೆ.

ಕಟ್ಟಳೆ ಅವರಿಗೂ ಕಟ್ಟಳೆಯೇ, ಮೂರು ಬೆಳಿಗ್ಗೆಗೆ ಹೊತ್ತಿಲ್ಲದ್ದಕ್ಕೆ ಎರಡು ದಿನದಲ್ಲೇ ಮೂರು ಸಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಅಟ್ಟೂರು ಕೋಡಿಗೆ ಹೋಗಿ ಬಂದವರು ಚಾಕನ್ನು ಮತ್ತೆ ಅಡಿಗಲ್ಲಿನ ಮೇಲಿಡುತ್ತಾರೆ. "ಹಿಡಿ ದಪ್ಪ ಆಯ್ತು." ಪಿಳ್ಳಪ್ಪಾಚಾರಿ ಕೆರೆದು ಕೊಡುತ್ತಾರೆ. ಬುಧವಾರ ಬೆಳಿಗ್ಗೆ ಎರಡನೆಯ ಸಲ. ಒರೆಯ ಬಾಯಿ ಬಿಗಿ. ಅದೂ ಸರಿಯಾಗುತ್ತದೆ. "ಇಂಥ ಗಿರಾಕಿ ಇನ್ನೊಬ್ರು ಬಂದ್ರೆ ಕುಲುಮೆ ಮುಚ್ಚಿ ನಾನೂ ಕಾಶಿಗೋಗ್ತೀನಿ" ಎಂದು ಗೊಣಗುತ್ತಾರೆ ಪಿಳ್ಳಪ್ಪಾಚಾರಿ. ಬುಧವಾರ ಸಂಜೆ, ಮೂರನೆಯ ಸಲ ಹೋದವರು ಬರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಾರೆ. ಏನು ನೋಡುತ್ತಿದ್ದೀರಿ ಎಂದರೆ, "ಕೈ" ಎನ್ನುತ್ತಾರೆ.

ಆ ಸಂಜೆ ಮುನಿಕೃಷ್ಣಮ್ಮ ಪಡುವಲ ಗೋಡೆಯಲ್ಲಿ ಗೋಪಾಲಮ್ಮನವರ ಆರನೆಯ ಗೆರೆಯ ಪಕ್ಕ ಏಳನೆಯದನ್ನು ಎಳೆಯಲು ಹೋಗಿ ಇದ್ದಿಲನ್ನು ಗಂಡನ ಪಕ್ಕಕ್ಕೆ ಇಟ್ಟುಬಿಡುತ್ತಾರೆ. "ಓದೋರ ಗೆರೆ ಉಳಿದೋರು ಎಳೀಬೇಕು. ಚುಕ್ಕಿ ನಾನು ಬಂದು ಇಡ್ತೀನಿ." ಇನ್ನೇನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಅವರ ಉತ್ತರ ಚಿಕ್ಕದು. "ಅಲ್ಲಿ ಚಾಕು ತೊಳಿಯಲ್ಲ. ಒರೇಲೇ ಇಟ್ಕೊಂಡು ಬರೀ ನೋಡ್ತೀನಿ. ನಿಂತ್ಕೊಂಡು ಸಾಕಾಗೋಷ್ಟು ನೋಡ್ತೀನಿ."

ಜನವರಿ ಹತ್ತೊಂಬತ್ತರ ಗುರುವಾರ ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಮೂವರು ಹೆಂಗಸರು ಸಂತೆ ಮೈದಾನದಿಂದ ಪಡುವಲಿಗೆ ಹೊರಟರು. ಪಿಳ್ಳಪ್ಪಾಚಾರಿ ಅಟ್ಟೂರು ಕೆರೆ ಕೋಡಿಯವರೆಗೆ ಜೊತೆಗೆ ಹೋಗಿ, ಆಲದಮರ ಅಡ್ಡ ಬರುವವರೆಗೆ ನೋಡಿ, ಒಬ್ಬರೇ ಹಿಂತಿರುಗಿದರು. ಹೆಂಡತಿಯ ಕೈ ಒಂದು ಸಲವೂ ಸೊಂಟಕ್ಕೆ ಹೋಗಲಿಲ್ಲ ಎಂದು ಅವರು ಹೇಳಿದರು. ಪಡುವಲ ಗೋಡೆಯಲ್ಲಿ ಈಗ ಏಳು ಗೆರೆಗಳಿವೆ. ಆ ದಿನ ಕುಲುಮೆ ಹೊತ್ತಿದ್ದು ಏಳೂ ಕಾಲಿಗೆ.